ಲಾ ಸ್ಕೂಲ್‌ಗೆ ಮುಂಚಿನ ಪದವಿ: ಮೇಜರ್ ಯಾವುದಾಗಬೇಕು, ಮೈನರ್ ಎಲ್ಲಿ ನೆರವಾಗುತ್ತದೆ

ಕರ್ನಾಟಕದಲ್ಲಿ ವಕೀಲರಾಗಬೇಕೆನ್ನುವವರ ಮುಂದೆ ಎರಡು ದಾರಿಗಳಿವೆ. ಪಿಯುಸಿ ಮುಗಿದ ಕೂಡಲೇ ಐದು ವರ್ಷದ ಕೋರ್ಸಿಗೆ ಸೇರಬಹುದು. 1988ರಲ್ಲಿ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಮೊದಲ ತಂಡ ಓದಲು ಕುಳಿತ ಮೇಲೆ ದೇಶದ ಉದ್ದಗಲಕ್ಕೂ ಬೇರೂರಿದ್ದು ಈ ಮಾದರಿಯೇ. ಇಲ್ಲವಾದರೆ ಬಿ.ಎ., ಬಿ.ಕಾಂ., ಬಿ.ಎಸ್ಸಿ. ಹೀಗೆ ಯಾವುದಾದರೊಂದು ಪದವಿ ಪಡೆದು ಆಮೇಲೆ ಮೂರು ವರ್ಷದ ಎಲ್‌ಎಲ್.ಬಿ. ಓದಬಹುದು. ಅಮೆರಿಕದಲ್ಲಿ ಮೊದಲನೆಯ ದಾರಿ ಇಲ್ಲ. ಅಲ್ಲಿ ಜೆ.ಡಿ. ಎಂದು ಕರೆಯುವ ಮೂರು ವರ್ಷದ ಕಾನೂನು ಪದವಿಗೆ ಸೇರಬೇಕಾದರೆ ಸಾಮಾನ್ಯವಾಗಿ ನಾಲ್ಕು ವರ್ಷದ ಒಂದು ಪದವಿ ಕೈಯಲ್ಲಿರಬೇಕು. ಆ ನಾಲ್ಕು ವರ್ಷ ಏನನ್ನು ಓದಬೇಕೆಂಬ ಪ್ರಶ್ನೆ ಹುಟ್ಟುವುದು ಇಲ್ಲಿಂದ.

ಪ್ರಶ್ನೆಯ ಒಳಗೆ ಇಳಿಯುವ ಮುಂಚೆ ಎರಡು ಶಬ್ದಗಳನ್ನು ಬಿಡಿಸಿಕೊಳ್ಳಬೇಕು. ಅಮೆರಿಕದ ಪದವಿ ಸಾಮಾನ್ಯವಾಗಿ 120 ಕ್ರೆಡಿಟ್‌ಗಳದ್ದು; ಕ್ರೆಡಿಟ್ ಎಂದರೆ ಒಂದೊಂದು ಕೋರ್ಸಿನ ತೂಕ ಹೇಳುವ ಅಳತೆ. ಅದರಲ್ಲಿ ಒಂದು ಭಾಗ ಎಲ್ಲರೂ ಓದಲೇಬೇಕಾದ ಸಾಮಾನ್ಯ ವಿಷಯಗಳಿಗೆ ಹೋಗುತ್ತದೆ. ವಿದ್ಯಾರ್ಥಿ ಆಳವಾಗಿ ಓದಲು ಆರಿಸಿಕೊಂಡ ಒಂದು ವಿಷಯಕ್ಕೆ ಮೇಜರ್ ಎನ್ನುತ್ತಾರೆ, ಅದಕ್ಕೆ ಮೂವತ್ತರಿಂದ ಐವತ್ತು ಕ್ರೆಡಿಟ್ ಬೇಕಾಗಬಹುದು. ಮೈನರ್ ಎಂದರೆ ಐದಾರು ಕೋರ್ಸುಗಳಲ್ಲಿ, ಅಂದರೆ ಹದಿನೈದು ಇಪ್ಪತ್ತು ಕ್ರೆಡಿಟ್‌ಗಳಲ್ಲಿ ಮುಗಿಯುವ ಇನ್ನೊಂದು ವಿಷಯ. ಮೇಜರನ್ನು ಎರಡನೆಯ ವರ್ಷದ ಕೊನೆಯ ಹೊತ್ತಿಗೆ ಅಧಿಕೃತವಾಗಿ ತಿಳಿಸಿದರೆ ಸಾಕು. ವಿಜ್ಞಾನ ಬೇಕೋ ವಾಣಿಜ್ಯ ಬೇಕೋ ಎಂದು ಹತ್ತನೆಯ ತರಗತಿಯ ಫಲಿತಾಂಶದ ವಾರದಲ್ಲೇ ತೀರ್ಮಾನಿಸಿ ಬಂದ ನಮ್ಮ ತಲೆಮಾರಿಗೆ ಈ ಸಾವಧಾನ ಸ್ವಲ್ಪ ವಿಚಿತ್ರವಾಗಿಯೇ ಕಾಣುತ್ತದೆ.

ಎಂಜಿನಿಯರುಗಳಾಗಿ ಅಲ್ಲಿಗೆ ಹೋಗಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಮಗಳು ಲಾ ಓದುತ್ತೇನೆಂದಾಗ ತಂದೆತಾಯಿ ಮೊದಲು ಹುಡುಕುವುದು ಒಂದು ಪಟ್ಟಿಯನ್ನು. ವೈದ್ಯಕೀಯಕ್ಕೆ ಅಂಥ ಪಟ್ಟಿ ಇದೆ: ಜೀವಶಾಸ್ತ್ರ ಇಷ್ಟು, ಸಾವಯವ ರಸಾಯನಶಾಸ್ತ್ರ ಇಷ್ಟು, ಭೌತಶಾಸ್ತ್ರ ಇಷ್ಟು ಎಂದು ಮೆಡಿಕಲ್ ಸ್ಕೂಲುಗಳೇ ಹೇಳಿಬಿಡುತ್ತವೆ. ಕಾನೂನಿಗೆ ಅಂಥದ್ದೇನೂ ಇಲ್ಲ. ಅಲ್ಲಿನ ಲಾ ಸ್ಕೂಲುಗಳಿಗೆ ಮಾನ್ಯತೆ ಕೊಡುವ ಅಮೆರಿಕನ್ ಬಾರ್ ಅಸೋಸಿಯೇಷನ್ ಇಂಥದೇ ಮೇಜರ್ ಓದಿ ಬನ್ನಿ ಎಂದು ಶಿಫಾರಸು ಮಾಡುವುದಿಲ್ಲ. ವಿಮರ್ಶಾತ್ಮಕವಾಗಿ ಓದುವುದು, ಬರೆದದ್ದನ್ನು ತಿದ್ದಿ ಬರೆಯುವುದು, ಮಾತನಾಡುವುದು ಮತ್ತು ಆಲಿಸುವುದು, ಸಂಶೋಧನೆ, ಸಮಸ್ಯೆ ಬಿಡಿಸುವ ಅಭ್ಯಾಸ, ಸಾರ್ವಜನಿಕ ಸೇವೆಯ ಅನುಭವ ಮುಂತಾದ ಸಾಮರ್ಥ್ಯಗಳನ್ನು ಮಾತ್ರ ಹೆಸರಿಸುತ್ತದೆ. ಪಟ್ಟಿ ಇಲ್ಲದಿರುವುದು ಸ್ವಾತಂತ್ರ್ಯವೂ ಹೌದು, ಗೊಂದಲವೂ ಹೌದು.

ಅಮೆರಿಕದ ಸುಪ್ರೀಂ ಕೋರ್ಟಿನ ಈಗಿನ ಒಂಬತ್ತು ನ್ಯಾಯಮೂರ್ತಿಗಳನ್ನೇ ನೋಡಬಹುದು. ಜಾನ್ ರಾಬರ್ಟ್ಸ್, ಸೋನಿಯಾ ಸೊಟೊಮೇಯರ್, ಎಲೆನಾ ಕೇಗನ್ ಮತ್ತು ಬ್ರೆಟ್ ಕ್ಯಾವನಾ ಈ ನಾಲ್ವರೂ ಇತಿಹಾಸದ ವಿದ್ಯಾರ್ಥಿಗಳು. ಕ್ಲಾರೆನ್ಸ್ ಥಾಮಸ್ ಮತ್ತು ಏಮಿ ಕೋನಿ ಬ್ಯಾರೆಟ್ ಇಂಗ್ಲಿಷ್ ಸಾಹಿತ್ಯ ಓದಿದವರು. ಬ್ಯಾರೆಟ್ ಅವರ ಮೈನರ್ ಫ್ರೆಂಚ್. ಉಳಿದ ಮೂವರದು ರಾಜ್ಯಶಾಸ್ತ್ರ, ಸರ್ಕಾರ, ಸಾರ್ವಜನಿಕ ನೀತಿ ಇಂಥ ವಿಷಯಗಳು. ಹಾಗಾದರೆ ಮಾನವಿಕ ವಿಷಯವೇ ಬೇಕೆಂದು ತೀರ್ಮಾನಿಸಲು ಹೊರಟರೆ ಹ್ಯಾರಿ ಬ್ಲ್ಯಾಕ್‌ಮನ್ ಅಡ್ಡ ಬರುತ್ತಾರೆ. 1970ರಿಂದ 1994ರವರೆಗೆ ಅದೇ ನ್ಯಾಯಾಲಯದಲ್ಲಿದ್ದ ಅವರು ಹಾರ್ವರ್ಡ್‌ನಲ್ಲಿ ಓದಿದ್ದು ಗಣಿತ. ರಾಬರ್ಟ್ ಜ್ಯಾಕ್ಸನ್ ಅವರಂತೂ ಕಾಲೇಜು ಪದವಿಯೇ ಇಲ್ಲದೆ 1941ರಲ್ಲಿ ಸುಪ್ರೀಂ ಕೋರ್ಟಿಗೆ ಬಂದವರು.

ಜ್ಯಾಕ್ಸನ್ ಅಪವಾದವಲ್ಲ, ಹಳೆಯ ಪದ್ಧತಿಯ ಕೊನೆಯ ಕೊಂಡಿಗಳಲ್ಲಿ ಒಬ್ಬರು. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಕಾನೂನನ್ನು ಹೆಚ್ಚಿನವರು ಕಲಿಯುತ್ತಿದ್ದುದು ಹಿರಿಯ ವಕೀಲರ ಕಚೇರಿಯಲ್ಲಿ ಶಿಷ್ಯವೃತ್ತಿ ಮಾಡಿ. ಅಬ್ರಹಾಂ ಲಿಂಕನ್ ಪುಸ್ತಕಗಳನ್ನು ತಾವೇ ಓದಿಕೊಂಡು 1836ರಲ್ಲಿ ಸನ್ನದು ಪಡೆದರು. ಹಾರ್ವರ್ಡ್ ಲಾ ಸ್ಕೂಲಿಗೆ 1870ರಲ್ಲಿ ಡೀನ್ ಆಗಿ ಬಂದ ಕ್ರಿಸ್ಟಫರ್ ಲ್ಯಾಂಗ್ಡೆಲ್ ತೀರ್ಪುಗಳನ್ನೇ ಪಠ್ಯವಾಗಿಸಿ, ಪ್ರಶ್ನೋತ್ತರದ ಮೂಲಕ ಪಾಠ ಹೇಳುವ ಪದ್ಧತಿಯನ್ನು ಬೆಳೆಸಿದ ಮೇಲೆ ಕಾನೂನು ಕಲಿಕೆ ಕಚೇರಿಯಿಂದ ತರಗತಿಗೆ ವರ್ಗವಾಯಿತು. ಅದಕ್ಕೆ ಮುಂಚೆ ಕಾಲೇಜು ಓದಿರಬೇಕೆಂಬ ನಿಯಮ ನಿಧಾನವಾಗಿ ಬಂತು: ಲಾ ಸ್ಕೂಲು ಸೇರುವವರು ಕನಿಷ್ಠ ಎರಡು ವರ್ಷ ಕಾಲೇಜು ಓದಿರಲಿ ಎಂದು ಬಾರ್ ಅಸೋಸಿಯೇಷನ್ ಹೇಳಿದ್ದು 1921ರಲ್ಲಿ. ಆ ನಿಯಮದ ಉದ್ದೇಶ ಭವಿಷ್ಯದ ವಕೀಲ ಓದು ಬಲ್ಲವನಾಗಿರಲಿ ಎಂಬುದಾಗಿತ್ತೇ ಹೊರತು ಕಾನೂನಿನ ಅರ್ಧ ಪಾಠವನ್ನು ಅಲ್ಲೇ ಮುಗಿಸಿ ಬರಲಿ ಎಂಬುದಾಗಿರಲಿಲ್ಲ. ಇಂದಿಗೂ ವಿಷಯದ ಬಗ್ಗೆ ನಿರ್ಬಂಧವಿಲ್ಲದಿರುವುದಕ್ಕೆ ಈ ಹಿನ್ನೆಲೆಯೇ ಕಾರಣ.

ಹಾಗಾದರೆ ಪ್ರವೇಶ ಸಮಿತಿ ಏನನ್ನು ನೋಡುತ್ತದೆ? ಹಲವನ್ನು ನೋಡುತ್ತದೆ, ಆದರೆ ಎರಡು ಸಂಖ್ಯೆಗಳು ಎಲ್ಲಕ್ಕಿಂತ ಮುಂದೆ ನಿಲ್ಲುತ್ತವೆ: ಪದವಿಯ ಜಿಪಿಎ, ಅಂದರೆ 4ರ ಅಳತೆಯಲ್ಲಿ ಹೇಳುವ ಗ್ರೇಡುಗಳ ಸರಾಸರಿ, ಮತ್ತು ಲಾ ಸ್ಕೂಲ್ ಪ್ರವೇಶಕ್ಕೆಂದೇ ನಡೆಯುವ ಎಲ್‌ಸ್ಯಾಟ್ ಪರೀಕ್ಷೆಯ ಅಂಕ. ಪ್ರತಿಯೊಂದು ಲಾ ಸ್ಕೂಲೂ ತಾನು ಸೇರಿಸಿಕೊಂಡ ವಿದ್ಯಾರ್ಥಿಗಳ ಈ ಎರಡರ ಮಧ್ಯಾಂಕವನ್ನು, ಅಂದರೆ ಎಲ್ಲರನ್ನೂ ಅಂಕದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವ ವಿದ್ಯಾರ್ಥಿಯ ಅಂಕವನ್ನು, ವರ್ಷ ವರ್ಷ ಬಹಿರಂಗವಾಗಿ ಪ್ರಕಟಿಸಲೇಬೇಕು. ಅತ್ಯಂತ ಪೈಪೋಟಿಯ ಶಾಲೆಗಳಲ್ಲಿ ಈಗ ಜಿಪಿಎ ಮಧ್ಯಾಂಕ 3.9ನ್ನೂ ಎಲ್‌ಸ್ಯಾಟ್ ಮಧ್ಯಾಂಕ 170ನ್ನೂ ದಾಟಿ ನಿಂತಿವೆ. ಆ ಸಾಲಿನಲ್ಲಿ ಭೌತಶಾಸ್ತ್ರದ 3.5 ಮತ್ತು ಸಮಾಜಶಾಸ್ತ್ರದ 3.5 ಒಂದೇ ಸ್ಥಾನದಲ್ಲಿ ನಿಲ್ಲುತ್ತವೆ. ಸಮಿತಿಯಲ್ಲಿ ಕುಳಿತವರು ಅಂಕಪಟ್ಟಿಯನ್ನು ಓದುತ್ತಾರೆ, ಯಾವ ಕೋರ್ಸು ಕಠಿಣ ಯಾವುದು ಹಗುರ ಎಂಬುದು ಅವರಿಗೆ ತಿಳಿಯುತ್ತದೆ, ಅದಕ್ಕೆ ಒಂದಿಷ್ಟು ಬೆಲೆಯನ್ನೂ ಕೊಡುತ್ತಾರೆ. ಆದರೆ ಪ್ರಕಟವಾಗುವ ಸಂಖ್ಯೆಗೆ ಆ ಸೂಕ್ಷ್ಮ ಗೊತ್ತಿಲ್ಲ.

ಜಿಪಿಎ ಲೆಕ್ಕದಲ್ಲಿ ಅನೇಕರಿಗೆ ತಿಳಿಯದ ಒಂದು ಸಂಗತಿ ಇದೆ. ಕಾಲೇಜು ಕೊಟ್ಟ ಜಿಪಿಎ ಲಾ ಸ್ಕೂಲಿಗೆ ನೇರವಾಗಿ ಹೋಗುವುದಿಲ್ಲ. ಲಾ ಸ್ಕೂಲ್ ಅಡ್ಮಿಷನ್ ಕೌನ್ಸಿಲ್ ಎಂಬ ಸಂಸ್ಥೆ ಎಲ್ಲ ಅಂಕಪಟ್ಟಿಗಳನ್ನೂ ತರಿಸಿಕೊಂಡು ತನ್ನದೇ ಅಳತೆಗೋಲಿನಲ್ಲಿ ಮತ್ತೆ ಲೆಕ್ಕ ಹಾಕುತ್ತದೆ. ಆ ಅಳತೆಯಲ್ಲಿ ಎ ಪ್ಲಸ್‌ಗೆ 4.33, ಎ ಗ್ರೇಡಿಗೆ 4.00, ಎ ಮೈನಸ್‌ಗೆ 3.67, ಬಿ ಗ್ರೇಡಿಗೆ 3.00 ಸಿಗುತ್ತದೆ. ಎ ಪ್ಲಸ್ ಕೊಡುವ ಕಾಲೇಜಿನ ವಿದ್ಯಾರ್ಥಿಯ ಸರಾಸರಿ 4 ದಾಟಬಹುದು, ಎ ಪ್ಲಸ್ ಕೊಡದ ಕಾಲೇಜಿನವರಿಗೆ ಆ ಭಾಗ್ಯವಿಲ್ಲ. ನಾಲ್ಕು ಕ್ರೆಡಿಟ್‌ನ ಒಂದು ಕೋರ್ಸಿನಲ್ಲಿ ಮೊದಲ ಸಲ ಸಿ ಬಂದು, ಮತ್ತೆ ಓದಿ ಎ ಪಡೆದರೆ ಎಷ್ಟೋ ಕಾಲೇಜುಗಳು ಹಳೆಯದನ್ನು ಲೆಕ್ಕದಿಂದ ಬಿಟ್ಟು 4.00 ಎಂದೇ ಎಣಿಸುತ್ತವೆ. ಆದರೆ ಅಂಕಪಟ್ಟಿಯಲ್ಲಿ ಎರಡೂ ಕಾಣಿಸುತ್ತಿದ್ದರೆ ಕೌನ್ಸಿಲ್ ಎರಡನ್ನೂ ಸೇರಿಸಿಕೊಳ್ಳುತ್ತದೆ, ಸರಾಸರಿ 3.00ಕ್ಕೆ ಇಳಿಯುತ್ತದೆ. ಹೈಸ್ಕೂಲಿನಲ್ಲಿರುವಾಗಲೇ ಪಕ್ಕದ ಕಮ್ಯೂನಿಟಿ ಕಾಲೇಜಿನಲ್ಲಿ ಕ್ರೆಡಿಟ್‌ಗಾಗಿ ಓದಿದ ಕೋರ್ಸಿನ ಗ್ರೇಡು ಕೂಡ ಇದರಲ್ಲಿ ಸೇರುತ್ತದೆ. ಹದಿನಾರನೆಯ ವಯಸ್ಸಿನಲ್ಲಿ ಅಪ್ಪನ ಒತ್ತಾಯಕ್ಕೆ ಸೇರಿದ ಬೇಸಿಗೆಯ ಕ್ಯಾಲ್ಕುಲಸ್ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಎದುರಿಗೆ ಬಂದು ನಿಲ್ಲುವುದು ಹೀಗೆ. ಇನ್ನೊಂದು ಕಡೆ, ಪದವಿಯ ನಂತರ ಎಂ.ಎ. ಅಥವಾ ಎಂ.ಎಸ್. ಮಾಡಿ ಎಷ್ಟೇ ಒಳ್ಳೆಯ ಗ್ರೇಡು ತಂದರೂ ಅದು ಈ ಸಂಖ್ಯೆಯನ್ನು ಮೇಲೆತ್ತುವುದಿಲ್ಲ, ಏಕೆಂದರೆ ಲೆಕ್ಕ ಮೊದಲ ಪದವಿಯೊಂದಿಗೆ ಮುಗಿದುಹೋಗಿರುತ್ತದೆ.

ಮೊದಲ ವರ್ಷ ಎಡವಿದವರಿಗೆ ಈ ಗಣಿತ ಎಷ್ಟು ಬಿಗಿಯಾದದ್ದು ಎಂಬುದನ್ನು ನೋಡಿ. ಮೊದಲ 30 ಕ್ರೆಡಿಟ್‌ಗಳಲ್ಲಿ ಬಿ ಸರಾಸರಿ, ಉಳಿದ 90 ಕ್ರೆಡಿಟ್‌ಗಳಲ್ಲಿ ಒಂದೂ ತಪ್ಪದಂತೆ ಎ ಬಂದರೂ ಕೊನೆಗೆ ಸಿಗುವುದು 3.75. ಮೇಜರ್ ಆಯ್ಕೆ ಇಲ್ಲಿ ಮಹತ್ವ ಪಡೆಯುತ್ತದೆ. ಎಂಜಿನಿಯರಿಂಗ್ ಮತ್ತು ಮೂಲವಿಜ್ಞಾನದ ಕೋರ್ಸುಗಳಲ್ಲಿ ಗ್ರೇಡುಗಳು ಸಾಮಾನ್ಯವಾಗಿ ಬಿಗಿ. ಮಾನವಿಕ ವಿಷಯಗಳಲ್ಲಿ ಸ್ವಲ್ಪ ಧಾರಾಳ. ಆದ್ದರಿಂದ ಹಗುರವಾದ ಮೇಜರ್ ತೆಗೆದುಕೊಂಡು 3.95 ಮಾಡಿಕೊಳ್ಳುವುದೇ ಜಾಣತನ ಎಂಬ ಸಲಹೆ ಅಲ್ಲಿನ ಕ್ಯಾಂಪಸ್ಸುಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಸಲಹೆಯಲ್ಲಿ ಅರ್ಧ ಸತ್ಯವಿದೆ. ಇಷ್ಟವಿಲ್ಲದ ಕಠಿಣ ವಿಷಯವನ್ನು ಮರ್ಯಾದೆಗಾಗಿ ಹೊತ್ತುಕೊಂಡು 3.2 ತರುವುದರಿಂದ ಲಾ ಸ್ಕೂಲಿನಲ್ಲಿ ಯಾವ ಮರ್ಯಾದೆಯೂ ಸಿಗುವುದಿಲ್ಲ. ಆದರೆ ಮನಸ್ಸಿಲ್ಲದ ಹಗುರ ವಿಷಯದಲ್ಲಿ ಎಲ್ಲರಿಗೂ ಎ ಬರುತ್ತದೆ ಎಂಬ ನಂಬಿಕೆ ಸುಳ್ಳು. ಆಸಕ್ತಿಯಿರುವ ಕಡೆ ಗ್ರೇಡು ತಾನಾಗಿ ಏರುವುದೇ ಹೆಚ್ಚು.

ಈ ಅಂಕಗಳಿಗೆ ಹಣದ ಲೆಕ್ಕವೂ ಅಂಟಿಕೊಂಡಿದೆ. ಅಮೆರಿಕದ ಲಾ ಸ್ಕೂಲುಗಳು ಕೊಡುವ ವಿದ್ಯಾರ್ಥಿವೇತನದ ದೊಡ್ಡ ಪಾಲು ಮನೆಯ ಆದಾಯವನ್ನು ನೋಡಿ ಕೊಡುವಂಥದ್ದಲ್ಲ, ಇವೇ ಎರಡು ಸಂಖ್ಯೆಗಳನ್ನು ನೋಡಿ ಕೊಡುವಂಥದ್ದು. ಶಾಲೆಯ ಮಧ್ಯಾಂಕವನ್ನು ಮೇಲಕ್ಕೆ ಒಯ್ಯಬಲ್ಲ ಅಭ್ಯರ್ಥಿಗೆ ಶುಲ್ಕದಲ್ಲಿ ಕಡಿತ ಸಿಗುತ್ತದೆ. ಹಿಂದೆ ಉಳಿದ ಖರ್ಚಿನಷ್ಟಕ್ಕೂ ಅಲ್ಲಿನ ಕೇಂದ್ರ ಸರ್ಕಾರದ ಸಾಲ ಸಿಗುತ್ತಿತ್ತು. 2025ರ ಕಾಯ್ದೆಯ ಪ್ರಕಾರ 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವ ಕಾನೂನು ವಿದ್ಯಾರ್ಥಿಗೆ ವರ್ಷಕ್ಕೆ 50,000 ಡಾಲರ್, ಒಟ್ಟು 2,00,000 ಡಾಲರ್ ಮಿತಿ ಇದೆ. ಹಲವು ಶಾಲೆಗಳ ಶುಲ್ಕ ಮತ್ತು ಜೀವನವೆಚ್ಚ ಸೇರಿದರೆ ಈ ಮಿತಿಯನ್ನು ಸುಲಭವಾಗಿ ದಾಟುವುದರಿಂದ, ಪದವಿಯ ಮೊದಲ ವರ್ಷದ ಗ್ರೇಡಿಗೂ ಆರು ವರ್ಷದ ನಂತರ ಖಾಸಗಿ ಬ್ಯಾಂಕಿನಿಂದ ತರಬೇಕಾದ ಸಾಲಕ್ಕೂ ನೇರವಾದ ನಂಟು ಬಂದಿದೆ.

ಎರಡನೆಯ ಸಂಖ್ಯೆ ಎಲ್‌ಸ್ಯಾಟ್. 1948ರಲ್ಲಿ ಆರಂಭವಾದ ಈ ಪರೀಕ್ಷೆಯ ಅಂಕಗಳು 120ರಿಂದ 180ರವರೆಗೆ ಇರುತ್ತವೆ. ಅದರಲ್ಲಿ ಕಾನೂನಿನ ಒಂದು ಪ್ರಶ್ನೆಯೂ ಇರುವುದಿಲ್ಲ. ಇಂತಿಂಥವರು ಇಂತಿಂಥ ಕುರ್ಚಿಯಲ್ಲಿ ಕುಳಿತರೆ ಎಂಬ ಬಗೆಯ ಒಗಟುಗಳ ವಿಭಾಗವನ್ನು 2024ರ ಆಗಸ್ಟಿನಿಂದ ಕೈಬಿಟ್ಟಿದ್ದಾರೆ. ಈಗ ಲೆಕ್ಕಕ್ಕೆ ಬರುವುದು ತರ್ಕದ ಎರಡು ವಿಭಾಗ, ಓದಿ ಅರ್ಥಮಾಡಿಕೊಳ್ಳುವ ಒಂದು ವಿಭಾಗ, ತಲಾ 35 ನಿಮಿಷ. ಒಂದು ಪುಟ್ಟ ವಾದವನ್ನು ಮುಂದಿಟ್ಟು, ಅದು ಯಾವ ಹೇಳದ ಊಹೆಯ ಮೇಲೆ ನಿಂತಿದೆ, ಯಾವ ಹೊಸ ಸಂಗತಿ ಬಂದರೆ ಅದು ಕುಸಿಯುತ್ತದೆ ಎಂದು ಕೇಳುತ್ತಾರೆ. ಮೇಜರ್‌ವಾರು ಸರಾಸರಿ ಅಂಕಗಳನ್ನು ಪಟ್ಟಿ ಮಾಡಿದಾಗ ಗಣಿತ, ಭೌತಶಾಸ್ತ್ರ, ತತ್ತ್ವಶಾಸ್ತ್ರ, ಅರ್ಥಶಾಸ್ತ್ರ ಓದಿದವರು ಮೇಲ್ಭಾಗದಲ್ಲೂ, ಪ್ರೀ-ಲಾ (ಕಾನೂನು ಓದಿಗೆ ತಯಾರಿ ಎಂಬ ಹೆಸರಿನ ಮೇಜರ್) ಮತ್ತು ಕ್ರಿಮಿನಲ್ ಜಸ್ಟಿಸ್ (ಪೊಲೀಸ್, ನ್ಯಾಯಾಲಯ, ಕಾರಾಗೃಹಗಳ ಆಡಳಿತದ ಓದು) ಓದಿದವರು ಕೆಳಭಾಗದಲ್ಲೂ ಬರುವುದು ಬಹಳ ಕಾಲದಿಂದ ಕಂಡಿರುವ ಸಂಗತಿ. ಈ ಪಟ್ಟಿಯನ್ನು ತೋರಿಸಿ ತತ್ತ್ವಶಾಸ್ತ್ರ ಓದಿದರೆ ಅಂಕ ಹೆಚ್ಚುತ್ತದೆ ಎಂದು ಹೇಳುವವರಿದ್ದಾರೆ. ಬ್ಯಾಸ್ಕೆಟ್‌ಬಾಲ್ ಆಡುವವರೆಲ್ಲ ಎತ್ತರವಿದ್ದಾರೆ ಎಂದು ಆಡಿದರೆ ಎತ್ತರವಾಗುತ್ತೇವೆ ಎಂದಂತೆ ಇದು. ತರ್ಕದಲ್ಲಿ ಸುಖ ಕಾಣುವವರು ತತ್ತ್ವಶಾಸ್ತ್ರಕ್ಕೂ ಗಣಿತಕ್ಕೂ ಹೋಗುತ್ತಾರೆ, ಆಮೇಲೆ ಎಲ್‌ಸ್ಯಾಟಿನಲ್ಲೂ ಚೆನ್ನಾಗಿ ಮಾಡುತ್ತಾರೆ. ಅದರಲ್ಲಿ ಓದಿನ ಪಾಲೆಷ್ಟು, ಹುಟ್ಟುಗುಣದ ಪಾಲೆಷ್ಟು ಎಂದು ಸರಾಸರಿ ಅಂಕ ಬಿಡಿಸಿ ಹೇಳುವುದಿಲ್ಲ. ಎಲ್‌ಸ್ಯಾಟಿನ ಬದಲು, ಸ್ನಾತಕೋತ್ತರ ಪ್ರವೇಶದ ಸಾಮಾನ್ಯ ಪರೀಕ್ಷೆಯಾದ ಜಿಆರ್‌ಇ ಒಪ್ಪುವ ಶಾಲೆಗಳೂ ಈಗ ಸಾಕಷ್ಟಿವೆ; 2016ರಲ್ಲಿ ಅರಿಜೋನಾ ವಿಶ್ವವಿದ್ಯಾಲಯ ತೋರಿಸಿದ ದಾರಿ ಅದು.

ಸಂಖ್ಯೆಗಳ ಮಾತು ಇಷ್ಟಾದರೆ ಉಳಿಯುವುದು ನಿಜವಾದ ಪ್ರಶ್ನೆ: ಲಾ ಸ್ಕೂಲಿನ ಮೊದಲ ವರ್ಷದಲ್ಲಿ ನಡೆಯುವ ಕೆಲಸಕ್ಕೆ ಯಾವ ಓದು ಮನಸ್ಸನ್ನು ಹದಗೊಳಿಸುತ್ತದೆ? ಆ ವರ್ಷ ಎಲ್ಲರೂ ಹೆಚ್ಚುಕಡಿಮೆ ಒಂದೇ ಪಾಠಗಳನ್ನು ಓದುತ್ತಾರೆ: ಕರಾರು, ಅಪಕೃತ್ಯ (ಇನ್ನೊಬ್ಬರಿಗೆ ಮಾಡಿದ ಹಾನಿಗೆ ಪರಿಹಾರ ಕೊಡಿಸುವ ಕಾನೂನು, ಟಾರ್ಟ್), ಆಸ್ತಿ, ಸಿವಿಲ್ ಪ್ರಕ್ರಿಯೆ, ಅಪರಾಧ ಕಾನೂನು, ಸಂವಿಧಾನ, ಕಾನೂನು ಬರವಣಿಗೆ. ರಾತ್ರಿಯಿಡೀ ಹಳೆಯ ತೀರ್ಪುಗಳನ್ನು ಓದಿಕೊಂಡು ಬಂದು, ಮರುದಿನ ಪ್ರಾಧ್ಯಾಪಕರು ಎಬ್ಬಿಸಿ ಕೇಳಿದಾಗ ಪ್ರಕರಣದ ಸಂಗತಿಗಳೇನು, ನ್ಯಾಯಾಧೀಶರು ನೆಚ್ಚಿದ ನಿಯಮ ಯಾವುದು, ಸಂಗತಿಯಲ್ಲಿ ಒಂದು ಎಳೆ ಬದಲಾದರೆ ತೀರ್ಪು ನಿಲ್ಲುತ್ತದೆಯೇ ಎಂದು ಹೇಳಬೇಕು. ಇದಕ್ಕೆ ಬೇಕಾದ ಸಿದ್ಧತೆ ಕಾನೂನಿನ ಮಾಹಿತಿಯಲ್ಲ. ಉದ್ದನೆಯ, ನೀರಸವಾದ, ತನ್ನ ಕಾಲದ ಭಾಷೆಯಲ್ಲಿ ಬರೆದ ಬರಹವೊಂದನ್ನು ಬೇಸರವಿಲ್ಲದೆ ಓದಿ, ಅದರೊಳಗಿನ ವಾದವನ್ನು ಹೊರಗೆಳೆದು, ತನ್ನ ಮಾತಿನಲ್ಲಿ ಚಿಕ್ಕದಾಗಿ ಬರೆಯುವ ಅಭ್ಯಾಸ.

ಇತಿಹಾಸದ ಮೇಜರ್ ಅಷ್ಟು ಮಂದಿ ನ್ಯಾಯಮೂರ್ತಿಗಳನ್ನು ಕೊಟ್ಟಿದ್ದರೆ ಕಾರಣ ಇಲ್ಲೇ ಇದೆ ಎಂದು ನನಗನ್ನಿಸುತ್ತದೆ. ಕೇಗನ್, ಸೊಟೊಮೇಯರ್ ಇಬ್ಬರೂ ಓದಿದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಪದವಿಯ ಕೊನೆಯ ವರ್ಷ ಪ್ರಬಂಧವೊಂದನ್ನು ಬರೆಯಬೇಕು. ಕೇಗನ್ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ನ್ಯೂಯಾರ್ಕ್ ನಗರದ ಸಮಾಜವಾದಿ ಚಳವಳಿಯ ಬಗ್ಗೆ ಬರೆದರು, ಸೊಟೊಮೇಯರ್ ಪೋರ್ಟೊರಿಕೊದ ನಾಯಕ ಲೂಯಿಸ್ ಮುನ್ಯೋಸ್ ಮರೀನ್ ಬಗ್ಗೆ ಬರೆದರು. ದಾಖಲೆಗಳ ರಾಶಿಯಲ್ಲಿ ಯಾವುದು ಸಾಕ್ಷ್ಯ, ಯಾವುದು ಬರಿಯ ಮಾತು ಎಂದು ವಿಂಗಡಿಸಿ ನೂರು ಪುಟದುದ್ದಕ್ಕೂ ಒಂದೇ ವಾದವನ್ನು ನಡೆಸುವುದು ವಕೀಲರ ದಿನನಿತ್ಯದ ಕೆಲಸಕ್ಕೆ ತೀರಾ ಹತ್ತಿರದ್ದು. ತತ್ತ್ವಶಾಸ್ತ್ರ ಇದನ್ನೇ ಹತ್ತು ಪುಟದಲ್ಲಿ ಇನ್ನಷ್ಟು ಬಿಗಿಯಾಗಿ ಮಾಡಿಸುತ್ತದೆ. ಅರ್ಥಶಾಸ್ತ್ರ ಓದಿದವರಿಗೆ ಕರಾರು, ಅಪಕೃತ್ಯ, ಏಕಸ್ವಾಮ್ಯ ವಿರೋಧಿ ಕಾನೂನುಗಳ ತರಗತಿಗಳಲ್ಲಿ ಪರಿಚಿತರು ಎದುರಾದಂತಾಗುತ್ತದೆ, ಏಕೆಂದರೆ ನಷ್ಟವನ್ನು ಯಾರು ಕಡಿಮೆ ಖರ್ಚಿನಲ್ಲಿ ತಡೆಯಬಹುದಿತ್ತು ಎಂಬಂಥ ಪ್ರಶ್ನೆಗಳು ಆ ತೀರ್ಪುಗಳಲ್ಲಿ ಹಾಸುಹೊಕ್ಕಾಗಿವೆ. ಅರ್ಜಿ ಹಾಕುವವರಲ್ಲಿ ಅತಿ ದೊಡ್ಡ ಗುಂಪು ರಾಜ್ಯಶಾಸ್ತ್ರದವರದು. ಅದರಿಂದ ಹಾನಿಯೇನೂ ಇಲ್ಲ, ವಿಶೇಷ ಲಾಭವೂ ಇಲ್ಲ.

ಪ್ರೀ-ಲಾ ಎಂಬ ಹೆಸರಿನ ಮೇಜರ್ ಬಗ್ಗೆ ಎಚ್ಚರಿಕೆ ಬೇಕು. ಎಷ್ಟೋ ಕಾಲೇಜುಗಳಲ್ಲಿ ಪ್ರೀ-ಲಾ ಎನ್ನುವುದು ಮೇಜರೇ ಅಲ್ಲ, ಮಾರ್ಗದರ್ಶನದ ವ್ಯವಸ್ಥೆ ಮಾತ್ರ. ಯಾವ ಮೇಜರಿನವರೂ ಆ ಸಲಹೆಗಾರರನ್ನು ಕಾಣಬಹುದು. ಕೆಲವು ಕಡೆ ಅದು ಪ್ರತ್ಯೇಕ ಪದವಿಯಾಗಿದೆ. ಅಂಥ ಕಡೆ ಕಾನೂನಿನ ಪಾರಿಭಾಷಿಕ ಪದಗಳನ್ನೂ ಪೊಲೀಸು ನ್ಯಾಯಾಲಯಗಳ ಆಡಳಿತವನ್ನೂ ಮೇಲುಮೇಲೆ ಹೇಳಿಕೊಟ್ಟು ಬಿಡುವ ಪಾಠಕ್ರಮಗಳಿವೆ. ಅವೆಲ್ಲವನ್ನೂ ಲಾ ಸ್ಕೂಲು ಮೊದಲಿನಿಂದ ತಾನೇ ಕಲಿಸುತ್ತದೆ. ಪೊಲೀಸ್ ಅಥವಾ ಕಾರಾಗೃಹ ಆಡಳಿತದಲ್ಲಿ ಕೆಲಸ ಮಾಡುವ ಮನಸ್ಸಿರುವವರಿಗೆ ಕ್ರಿಮಿನಲ್ ಜಸ್ಟಿಸ್ ಒಳ್ಳೆಯ ವಿಷಯ. ವಕೀಲಿಗೆ ಅದು ಹತ್ತಿರದ ದಾರಿ ಎಂದುಕೊಂಡರೆ ನಿರಾಶೆಯಾಗುತ್ತದೆ. ಅರಿಜೋನಾ ವಿಶ್ವವಿದ್ಯಾಲಯ 2014ರಲ್ಲಿ ಆರಂಭಿಸಿದ ಕಾನೂನಿನ ಬಿ.ಎ. ಪದವಿ ಬೇರೆ ಬಗೆಯದು, ಲಾ ಸ್ಕೂಲಿನ ಅಧ್ಯಾಪಕರೇ ಅಲ್ಲಿ ಕಲಿಸುತ್ತಾರೆ. ಆದರೆ ಆ ಪದವಿಯಿಂದಲೂ ವಕೀಲಿ ಸನ್ನದಿನ ಪರೀಕ್ಷೆಗೆ ಕೂರಲಾಗದು, ಜೆ.ಡಿ. ಬೇಕೇ ಬೇಕು.

ಮೇಜರ್ ಯಾವುದಾದರೂ ನಡೆಯುತ್ತದೆ ಎಂಬ ಮಾತಿಗೆ ಒಂದು ಅಪವಾದವಿದೆ, ಅದು ಕನ್ನಡಿಗರ ಮನೆಗಳಿಗೆ ಬಹಳ ಹತ್ತಿರದ್ದು: ಪೇಟೆಂಟ್. ಹೊಸ ಆವಿಷ್ಕಾರಕ್ಕೆ ಪೇಟೆಂಟ್ ಕೋರುವ ಅರ್ಜಿಯನ್ನು ಅಮೆರಿಕದ ಪೇಟೆಂಟ್ ಕಚೇರಿಯ ಮುಂದೆ ಇನ್ನೊಬ್ಬರ ಪರವಾಗಿ ನಡೆಸಬೇಕಾದರೆ ಆ ಕಚೇರಿಯ ಪ್ರತ್ಯೇಕ ಪರೀಕ್ಷೆ ಪಾಸಾಗಬೇಕು, ಆ ಪರೀಕ್ಷೆಗೆ ಕೂರಲು ವಿಜ್ಞಾನ ಅಥವಾ ತಂತ್ರಜ್ಞಾನದ ಓದು ಕಡ್ಡಾಯ. ಎಲೆಕ್ಟ್ರಿಕಲ್ ಎಂಜಿನಿಯರಿಂಗ್, ಕಂಪ್ಯೂಟರ್ ಸೈನ್ಸ್, ರಸಾಯನಶಾಸ್ತ್ರ, ಜೀವಶಾಸ್ತ್ರ ಮುಂತಾದ ಗೊತ್ತುಪಡಿಸಿದ ವಿಷಯದಲ್ಲಿ ಪದವಿಯಿದ್ದರೆ ನೇರವಾಗಿ ಅರ್ಹತೆ. ಪದವಿ ಬೇರೆ ವಿಷಯದ್ದಾದರೆ ಕ್ರೆಡಿಟ್ ಲೆಕ್ಕ ತೋರಿಸಬೇಕು: ಭೌತಶಾಸ್ತ್ರ ಮಾತ್ರ ಆದರೆ 24, ರಸಾಯನಶಾಸ್ತ್ರ ಮಾತ್ರ ಆದರೆ 30, ಹಲವು ವಿಜ್ಞಾನಗಳನ್ನು ಕೂಡಿಸಿ ತೋರಿಸುವುದಾದರೆ 40ರವರೆಗೆ ಹೋಗುತ್ತದೆ, ಅವೂ ಆ ವಿಷಯದ ಮೇಜರಿನವರು ಓದುವ ಮಟ್ಟದ ಕೋರ್ಸುಗಳಾಗಿರಬೇಕು. ಇತಿಹಾಸ ಮೇಜರ್ ಮಾಡಿ ಹದಿನೆಂಟು ಕ್ರೆಡಿಟ್‌ನ ರಸಾಯನಶಾಸ್ತ್ರದ ಮೈನರ್ ಇಟ್ಟುಕೊಂಡರೆ ಪೇಟೆಂಟಿಗೆ ಸಾಕೆಂದು ಭಾವಿಸಿದ ವಿದ್ಯಾರ್ಥಿಗೆ ಹನ್ನೆರಡು ಕ್ರೆಡಿಟ್ ಕೊರತೆ ಬೀಳುತ್ತದೆ ಎಂಬುದು ಈ ಲೆಕ್ಕದಿಂದ ಸ್ಪಷ್ಟ. ವಸ್ತುಗಳ ಹೊರರೂಪಕ್ಕೆ ಸಂಬಂಧಿಸಿದ ಡಿಸೈನ್ ಪೇಟೆಂಟುಗಳಿಗೆ ಮಾತ್ರ 2024ರಿಂದ ಬೇರೆ ನೋಂದಣಿ ಬಂದಿದ್ದು, ಅಲ್ಲಿ ವಾಸ್ತುಶಿಲ್ಪ, ಗ್ರಾಫಿಕ್ ಡಿಸೈನ್, ಲಲಿತಕಲೆ ಓದಿದವರಿಗೂ ಜಾಗವಿದೆ.

ಆ ಪರೀಕ್ಷೆಗೆ ಕಾನೂನು ಪದವಿ ಬೇಕಾಗಿಲ್ಲ ಎಂಬುದನ್ನೂ ಹೇಳಬೇಕು. ಕಾನೂನು ಪದವಿಯಿಲ್ಲದೆ ಪಾಸಾದವರು ಪೇಟೆಂಟ್ ಏಜೆಂಟ್, ಆ ಪದವಿಯೂ ಸನ್ನದೂ ಇದ್ದವರು ಪೇಟೆಂಟ್ ವಕೀಲರು. ಪೇಟೆಂಟ್ ಉಲ್ಲಂಘನೆಯ ದಾವೆಯನ್ನು ಕೋರ್ಟಿನಲ್ಲಿ ವಾದಿಸುವುದಕ್ಕಂತೂ ಈ ನೋಂದಣಿಯೂ ಬೇಡ, ವಿಜ್ಞಾನದ ಪದವಿಯೂ ಬೇಡ. ಆದರೂ ಕಂಪ್ಯೂಟರ್ ಸೈನ್ಸ್ ಓದುತ್ತಿರುವ ಮಗ ಎರಡನೆಯ ವರ್ಷದಲ್ಲಿ ಲಾ ಕಡೆ ವಾಲಿದರೆ, ಗ್ರೇಡುಗಳು ಚೆನ್ನಾಗಿರುವ ಪಕ್ಷದಲ್ಲಿ, ಮೇಜರ್ ಬದಲಿಸುವ ಆತುರ ಬೇಡ. ಆ ಪದವಿಯನ್ನೇ ಮುಗಿಸಿ, ಬರೆಸುವ ಒಂದು ಮೈನರನ್ನು ಜೊತೆಗಿಟ್ಟುಕೊಂಡರೆ ಪೇಟೆಂಟಿನ ಬಾಗಿಲೂ ತೆರೆದಿರುತ್ತದೆ, ಲಾ ಬೇಡವೆನಿಸಿದರೆ ಕೆಲಸವೂ ಕೈಯಲ್ಲಿರುತ್ತದೆ. ಅದೇ ಮಗನ ಜಿಪಿಎ ಎರಡನೆಯ ವರ್ಷಕ್ಕೇ 3ರ ಕೆಳಗಿದ್ದರೆ ಮಾತು ಬೇರೆ.

ಮೈನರಿಗೆ ಪ್ರವೇಶ ಸಮಿತಿಯಲ್ಲಿ ಹೆಚ್ಚು ತೂಕವಿಲ್ಲ, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅದರ ಉಪಯೋಗ ಮೇಜರ್ ಬಿಟ್ಟ ಕೊರತೆಯನ್ನು ತುಂಬುವುದರಲ್ಲಿದೆ. ಎಂಜಿನಿಯರಿಂಗ್ ವಿದ್ಯಾರ್ಥಿಗೆ ನಾಲ್ಕು ವರ್ಷದಲ್ಲಿ ಹತ್ತು ಪುಟದ ಒಂದು ಬರಹವನ್ನೂ ಬರೆಯದೆ ಪದವಿ ಸಿಗಬಹುದು. ಅವನಿಗೆ ತತ್ತ್ವಶಾಸ್ತ್ರ, ಇಂಗ್ಲಿಷ್ ಅಥವಾ ಇತಿಹಾಸದ ಮೈನರ್ ಬೇಕು. ಸಾಹಿತ್ಯದ ವಿದ್ಯಾರ್ಥಿ ಆಯವ್ಯಯ ಪಟ್ಟಿ ಕಂಡರೆ ಬೆದರುವವಳಾದರೆ ಅಕೌಂಟಿಂಗ್ ಮೈನರ್ ಮುಂದೆ ತೆರಿಗೆ, ಕಂಪನಿ, ದಿವಾಳಿ ಕಾನೂನುಗಳ ತರಗತಿಗಳಲ್ಲಿ ಮಾತ್ರವಲ್ಲ, ವಿಚ್ಛೇದನದ ಪ್ರಕರಣದಲ್ಲಿ ಗಂಡನ ವ್ಯಾಪಾರದ ಲೆಕ್ಕ ಓದುವಾಗಲೂ ಕೈ ಹಿಡಿಯುತ್ತದೆ. ಉದ್ಯೋಗದಲ್ಲಿನ ತಾರತಮ್ಯದಿಂದ ಹಿಡಿದು ಔಷಧಿಯ ಅಡ್ಡಪರಿಣಾಮದವರೆಗೆ ಇಂದು ಸಾಕ್ಷ್ಯವೆಂದರೆ ಬಹುಪಾಲು ಅಂಕಿಅಂಶವೇ ಆಗಿರುವುದರಿಂದ ಸಂಖ್ಯಾಶಾಸ್ತ್ರವನ್ನು ನಾನು ಮೈನರುಗಳಲ್ಲಿ ಮೊದಲಿಡುತ್ತೇನೆ. ವಲಸೆ ಕಾನೂನು ಅಥವಾ ಬಡವರಿಗೆ ಕಾನೂನು ನೆರವು ನೀಡುವ ಕೆಲಸದ ಕಡೆ ಮನಸ್ಸಿದ್ದವರಿಗೆ ಸ್ಪ್ಯಾನಿಷ್. ಕಕ್ಷಿದಾರರ ಭಾಷೆ ಬಾರದ ವಕೀಲ ದುಭಾಷಿಯ ಬಾಯಿಯಿಂದಲೇ ಎಲ್ಲವನ್ನೂ ಕೇಳಬೇಕಾಗುತ್ತದೆ. ಆದರೆ ಮೈನರ್ ಎಂಬ ಹಣೆಪಟ್ಟಿ ಸಿಗಲೆಂದು ಕೊನೆಯ ಎರಡು ಬೇಡದ ಕೋರ್ಸುಗಳನ್ನು ತುರುಕಿ, ಅವುಗಳಲ್ಲಿ ಬಿ ತಂದುಕೊಳ್ಳುವುದು ವ್ಯರ್ಥ; ಬೇಕಾದ ಮೂರು ಕೋರ್ಸು ಓದಿ ಬಿಟ್ಟರೂ ಕಲಿತದ್ದು ಎಲ್ಲಿಗೂ ಹೋಗುವುದಿಲ್ಲ. ಎರಡೆರಡು ಮೇಜರ್ ಮಾಡುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ವಿಷಯಕ್ಕಿಂತ ವಿಭಾಗದ ಗಾತ್ರ ಮುಖ್ಯವಾಗುವ ಒಂದು ಸಂದರ್ಭವಿದೆ, ಅದನ್ನು ಯಾರೂ ಮುಂಚಿತವಾಗಿ ಯೋಚಿಸುವುದಿಲ್ಲ. ಲಾ ಸ್ಕೂಲಿನ ಅರ್ಜಿಗೆ ಪ್ರಾಧ್ಯಾಪಕರ ಶಿಫಾರಸು ಪತ್ರಗಳು ಬೇಕು. ನಾನೂರು ಮಂದಿ ಕೂರುವ ಸಭಾಂಗಣದಲ್ಲಿ ಪಾಠ ಕೇಳಿ, ಸಹಾಯಕರು ತಿದ್ದಿದ ಉತ್ತರಪತ್ರಿಕೆಗೆ ಎ ಪಡೆದವಳ ಬಗ್ಗೆ ಪ್ರಾಧ್ಯಾಪಕರು ಬರೆಯಬಹುದಾದದ್ದು ಎರಡು ಸಾಲು. ಹನ್ನೆರಡು ಮಂದಿಯ ಸೆಮಿನಾರಿನಲ್ಲಿ ವಾದ ಮಾಡಿ, ಮೂರು ಸಲ ಪ್ರಬಂಧ ತಿದ್ದಿ ಬರೆದವಳ ಬಗ್ಗೆ ಎರಡು ಪುಟ ಬರೆಯಬಹುದು. ಸಂಸ್ಕೃತ, ಭಾಷಾಶಾಸ್ತ್ರ, ಧರ್ಮಗಳ ಅಧ್ಯಯನದಂಥ ಸಣ್ಣ ವಿಭಾಗಗಳ ಅನುಕೂಲ ಇದು.

ಪದವಿಯ ಮೂರು ವರ್ಷಕ್ಕೆ ಲಾ ಸ್ಕೂಲಿನ ಮೊದಲ ವರ್ಷವನ್ನೇ ನಾಲ್ಕನೆಯದಾಗಿ ಎಣಿಸಿ, ಏಳರ ಬದಲು ಆರು ವರ್ಷದಲ್ಲಿ ಎರಡೂ ಪದವಿ ಕೊಡುವ ವ್ಯವಸ್ಥೆ ಕೆಲವು ವಿಶ್ವವಿದ್ಯಾಲಯಗಳಲ್ಲಿದೆ. ಒಂದು ವರ್ಷದ ಶುಲ್ಕ ಉಳಿಯುತ್ತದೆ ನಿಜ. ಆದರೆ ಮೇಜರನ್ನು ಮೊದಲ ವರ್ಷದಲ್ಲೇ ಗಟ್ಟಿ ಮಾಡಿಕೊಳ್ಳಬೇಕಾಗುತ್ತದೆ, ಬೇರೆ ಶಾಲೆಗಳ ವಿದ್ಯಾರ್ಥಿವೇತನವನ್ನು ತೂಗಿ ನೋಡುವ ಅವಕಾಶ ಕಿರಿದಾಗುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಪದವಿ ಮುಗಿದ ಮೇಲೆ ಒಂದೆರಡು ವರ್ಷ ದುಡಿದು ಆಮೇಲೆ ಲಾ ಸ್ಕೂಲು ಸೇರುವವರು ಅಮೆರಿಕದಲ್ಲಿ ಬಹಳ. ಈ ಅಂತರದಲ್ಲಿ ಮನಸ್ಸು ಬದಲಿಸುವವರೂ ಇದ್ದಾರೆ. ಆದ್ದರಿಂದ ಲಾ ಸ್ಕೂಲಿಗೆ ಹೋಗದೆ ಹೋದರೆ ಈ ಮೇಜರ್ ಹಿಡಿದು ಏನು ಮಾಡುತ್ತೇನೆ ಎಂಬ ಪ್ರಶ್ನೆಯನ್ನು ಆಯ್ಕೆಯ ದಿನವೇ ಕೇಳಿಕೊಳ್ಳುವುದು ಅಪಶಕುನವಲ್ಲ.

ಕರ್ನಾಟಕದಲ್ಲೇ ಓದಿ ಅಲ್ಲಿಗೆ ಹೋಗಬಯಸುವವರ ಲೆಕ್ಕ ಸ್ವಲ್ಪ ಭಿನ್ನ. ಇಲ್ಲಿ ಮೂರು ವರ್ಷದ ಎಲ್‌ಎಲ್.ಬಿ.ಗೂ ವಿಷಯದ ನಿರ್ಬಂಧವಿಲ್ಲ. ಬಾರ್ ಕೌನ್ಸಿಲ್ ನಿಯಮದಂತೆ ಸಾಮಾನ್ಯ ವರ್ಗದವರಿಗೆ ಯಾವುದೇ ಪದವಿಯಲ್ಲಿ ಶೇ. 45 ಅಂಕವಿದ್ದರೆ ಸಾಕು. ರಾಷ್ಟ್ರೀಯ ಶಿಕ್ಷಣ ನೀತಿಯೊಂದಿಗೆ ಮೇಜರ್, ಮೈನರ್ ಎಂಬ ಮಾತುಗಳು 2021ರಲ್ಲಿ ನಮ್ಮ ಪದವಿ ಕಾಲೇಜುಗಳಿಗೂ ಬಂದವು. 2024ರಲ್ಲಿ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ನಡುವಿನ ತಂಡಗಳ ಅಂಕಪಟ್ಟಿಗಳ ರೂಪ ಬೇರೆಯಾಗಿರುವುದರಿಂದ ಅವನ್ನು ಓದುವ ವಿದೇಶಿಯರಿಗೆ ವಿವರಣೆ ಬೇಕಾದೀತು. ಭಾರತದ ಪದವಿಗೆ ಅಡ್ಮಿಷನ್ ಕೌನ್ಸಿಲ್ 4ರ ಅಳತೆಯಲ್ಲಿ ಸಂಖ್ಯೆ ಕೊಡುವುದಿಲ್ಲ. ತಜ್ಞರಿಂದ ಮೌಲ್ಯಮಾಪನ ಮಾಡಿಸಿ ಅತ್ಯುತ್ತಮ, ಸರಾಸರಿಗಿಂತ ಮೇಲು, ಸರಾಸರಿ ಎಂಬಂಥ ಒಂದು ಮಾತನ್ನಷ್ಟೇ ಬರೆಯುತ್ತದೆ. ನಮ್ಮಲ್ಲಿ ಶೇ. 70 ಎಂದರೆ ಒಳ್ಳೆಯ ಅಂಕ ಎಂಬುದನ್ನು ಆ ತಜ್ಞರು ಬಲ್ಲರು, ಆ ಬಗ್ಗೆ ಕಳವಳ ಬೇಡ. ಜಿಪಿಎ ಸಂಖ್ಯೆಯೇ ಇಲ್ಲದ ಮೇಲೆ ಶಾಲೆಯ ಕಣ್ಣು ಎಲ್‌ಸ್ಯಾಟಿನ ಮೇಲೆ ಹೆಚ್ಚು ನೆಡುತ್ತದೆ, ಹಾಗಾಗಿ ಇಂಗ್ಲಿಷಿನಲ್ಲಿ ದಟ್ಟವಾದ ಗದ್ಯವನ್ನು ವೇಗವಾಗಿ ಓದುವ ಅಭ್ಯಾಸ ಬಿ.ಎ.ಯವರಿಗೂ ಬಿ.ಇ.ಯವರಿಗೂ ಸಮಾನವಾಗಿ ಅಗತ್ಯ. ಇಲ್ಲೇ ಎಲ್‌ಎಲ್.ಬಿ. ಮುಗಿಸಿದವರು ಸಾಮಾನ್ಯವಾಗಿ ಹಿಡಿಯುವುದು ಒಂದು ವರ್ಷದ ಎಲ್‌ಎಲ್.ಎಂ. ದಾರಿಯನ್ನಾದ್ದರಿಂದ ಅವರಿಗೆ ಮೇಜರ್ ಮೈನರುಗಳ ಈ ಚರ್ಚೆಯೇ ಬೇಕಾಗಿಲ್ಲ.

ಅಂಕಪಟ್ಟಿಗಳನ್ನು ವಿದ್ಯಾರ್ಥಿಯ ಕೈಯಿಂದ ಕೌನ್ಸಿಲ್ ಸ್ವೀಕರಿಸುವುದಿಲ್ಲ; ಓದಿದ ಸಂಸ್ಥೆಯಿಂದಲೇ ನೇರವಾಗಿ ಹೋಗಬೇಕು. ನಮ್ಮಲ್ಲಿ ಓದುವುದು ಒಂದು ಕಾಲೇಜಿನಲ್ಲಿ, ಅಂಕಪಟ್ಟಿ ಕೊಡುವುದು ಅದು ಸೇರಿರುವ ವಿಶ್ವವಿದ್ಯಾಲಯ. ಇಬ್ಬರಲ್ಲಿ ಕಳುಹಿಸಬೇಕಾದವರು ಯಾರು ಎಂಬುದು ಇತ್ಯರ್ಥವಾಗುವುದರಲ್ಲೇ ವಾರಗಳು ಉರುಳಬಹುದು. ಅಮೆರಿಕದ ಅರ್ಜಿಗಳು ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ತೆರೆದು, ಬಂದ ಕ್ರಮದಲ್ಲೇ ಒಂದೊಂದಾಗಿ ತೀರ್ಮಾನವಾಗುತ್ತ ಹೋಗುತ್ತವೆ. ಹಾಗಾಗಿ ಪರೀಕ್ಷಾ ವಿಭಾಗದ ಕಿಟಕಿಯ ಮುಂದೆ ನಿಲ್ಲುವ ಕೆಲಸವನ್ನು ಜೂನ್ ಜುಲೈನಲ್ಲೇ ಮುಗಿಸಿಕೊಳ್ಳಬೇಕು.